ನಿಧಾನದವರು ಮುಂದೆ

ನಾಗಸಂದ್ರ ಮೆಟ್ರೋ ಸ್ಟೇಷನ್ನಿನ ಮೆಟ್ಟಿಲ ಮೇಲೆ ಹೆಚ್ಚುಕಡಿಮೆ ದಿನವೂ ನನ್ನಿಂದಾಗಿ ಒಂದು ಸಣ್ಣ ಟ್ರಾಫಿಕ್ ಜಾಮ್ ಆಗುತ್ತದೆ. ಮುಂದೆ ಯಾರಾದರೂ ಮಂಡಿನೋವಿನವರು, ಭಾರದ ಕೈಚೀಲ ಹಿಡಿದವರು, ಮಗುವನ್ನು ಎತ್ತಿಕೊಂಡವರು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರೆ ಅವರನ್ನು ದಾಟಿ ಹೋಗಲು ನನ್ನ ಕಾಲು ಒಪ್ಪುವುದಿಲ್ಲ. ಅವರು ಒಂದು ಹೆಜ್ಜೆ ಇಟ್ಟರೆ ನಾನೂ ಒಂದು ಹೆಜ್ಜೆ. ಅವರು ನಿಂತು ಸುಧಾರಿಸಿಕೊಂಡರೆ ನಾನೂ ನಿಲ್ಲುತ್ತೇನೆ. ಅಷ್ಟರಲ್ಲಿ ನನ್ನ ಹಿಂದೆ ಬೆನ್ನಿಗೆ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡ ಹುಡುಗ ಹುಡುಗಿಯರು ಸೇರಿಕೊಂಡಿರುತ್ತಾರೆ. "ಸಾರ್, ಸ್ವಲ್ಪ ಸೈಡ್" ಎಂದು ಮೊದಲು ಮರ್ಯಾದೆಯಿಂದ ಕೇಳುತ್ತಾರೆ, ಆಮೇಲೆ ಮೊಣಕೈಯಿಂದ ಕೇಳುತ್ತಾರೆ. ಹೋದ ವಾರ ಒಬ್ಬ ಅಜ್ಜಿ ಅರ್ಧ ಹತ್ತಿದವರು ತಿರುಗಿ ನಿಂತು, ಕೈಚೀಲವನ್ನು ಎದೆಗೆ ಅವುಚಿಕೊಂಡು, "ಯಾಕಪ್ಪಾ ಆಗ್ಲಿಂದ ನನ್ನ ಇಂದೇನೇ ಬತ್ತಿದ್ದೀಯ? ಮುಂದಕ್ಕೋಗು ನೀನು" ಎಂದರು. ನೋಡುವುದಕ್ಕೆ ನಾನು ಕಳ್ಳನ ಹಾಗೆ ಇದ್ದೇನೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಇಷ್ಟು ಓದಿ ನನ್ನನ್ನು ಸಜ್ಜನ ಎಂದುಕೊಂಡರೆ ಅದು ನಿಮ್ಮ ದೊಡ್ಡತನ. ಇದು ಸಜ್ಜನಿಕೆಯಲ್ಲ, ಚಾಳಿ. ನಶ್ಯ ಸೇದುವುದು ಹೇಗೆ ಹತ್ತಿರದವರಿಂದ ಅಂಟಿಕೊಳ್ಳುತ್ತದೋ ಹಾಗೆ ಅಂಟಿಕೊಂಡದ್ದು. ನನಗೆ ಅಂಟಿಸಿದವರು ನನ್ನ ಭಾವ. ಅವರಿಗೆ ಅದು ಅಂಟಿದ್ದು ಲಡಾಖಿನಲ್ಲಿ, ಒಂದು ಮರವೂ ಇಲ್ಲದ, ಉಸಿರಾಡಲು ಗಾಳಿಯೂ ಸಾಲದ ಒಂದು ಕಣಿವೆಯಲ್ಲಿ. ಅಲ್ಲಿಂದ ಅದು ನಾಗಸಂದ್ರಕ್ಕೆ ಹೇಗೆ ಬಂತು, ಬಂದು ನಮ್ಮನ್ನೆಲ್ಲ ಏನು ಮಾಡಿತು ಎನ್ನುವುದು ಸ್ವಲ್ಪ ಸುತ್ತುಬಳಸಿನ ಕಥೆ. ಅವಸರವಿದ್ದವರು ನನ್ನನ್ನು ದಾಟಿಕೊಂಡು ಹೋಗಬಹುದು, ಬೇಸರವಿಲ್ಲ.

ಭಾವನ ಹೆಸರು ಪ್ರಭಾಕರ. ನನ್ನ ಅಕ್ಕ ಶಾರದೆಯ ಗಂಡ. ನಮ್ಮಪ್ಪ ದುಡಿಯುತ್ತಿದ್ದ ಸರ್ಕಾರಿ ಕಾರ್ಖಾನೆಯಲ್ಲೇ ಅವರು ಟರ್ನರ್, ಎಂದರೆ ಲೇತಿನ ಮೇಲೆ ಕಬ್ಬಿಣವನ್ನು ತಿರುಗಿಸಿ ಕೊರೆಯುವ ಕೆಲಸ. ಆ ಕಾಲದ ಕಾರ್ಖಾನೆ ಎಂದರೆ ಬರೀ ಕಾರ್ಖಾನೆಯಲ್ಲ. ಅದಕ್ಕೊಂದು ಕ್ಯಾಂಟೀನು, ಸಹಕಾರ ಸಂಘ, ನಾಟಕದ ತಂಡ, ಗಣೇಶನ ಪೆಂಡಾಲು, ಜೊತೆಗೆ ಒಂದು ಅಡ್ವೆಂಚರ್ ಕ್ಲಬ್ಬು. ವಾರವಿಡೀ ಮೆಷಿನ್ನಿನ ಮುಂದೆ ನಿಂತ ಜನ ಭಾನುವಾರ ಬಂತೆಂದರೆ ಹಗ್ಗ ಹೆಗಲಿಗೆ ಹಾಕಿಕೊಂಡು ರಾಮನಗರದ ಬಂಡೆಗಳಿಗೆ ಹೋಗಿ ಜೋತಾಡುತ್ತಿದ್ದರು. "ಮೆಷಿನ್ನಿಗೆ ಸಿಗದೆ ಕೈಕಾಲು ಉಳಿದಿದೆ ಅಂತ ಖುಷಿಪಡೋದು ಬಿಟ್ಟು, ತಗೊಂಡೋಗಿ ಬಂಡೆಗೆ ಕೊಟ್ಟು ಬರ್ತಾರೆ" ಎಂದು ನಮ್ಮಮ್ಮ ಮೂಗು ಮುರಿಯುತ್ತಿದ್ದಳು. ಉಳಿದವರು ಪ್ರಯಾಣದ ಖರ್ಚು ಸಿಗುವ ಎಲ್‌ಟಿಸಿ ರಜೆಯಲ್ಲಿ ಹೆಂಡತಿ ಮಕ್ಕಳ ಜೊತೆ ತಿರುಪತಿ, ಕನ್ಯಾಕುಮಾರಿ ನೋಡಿಕೊಂಡು ಬಂದರೆ ಕ್ಲಬ್ಬಿನವರು ಹಿಮಾಲಯಕ್ಕೆ ಹೋಗಿ ಮೂಗಿನ ಸಿಪ್ಪೆ ಸುಲಿಸಿಕೊಂಡು ಬರುತ್ತಿದ್ದರು. ಅಂಥವರಿಗೆಲ್ಲ ನಾಯಕ ನಮ್ಮ ಭಾವ.

ನಮ್ಮಕ್ಕ ಸಣ್ಣವಳಿದ್ದಾಗ ಜ್ವರ ಬಂದು ಎಡಗಾಲು ಸ್ವಲ್ಪ ಸೋತಿತ್ತು. ಕುಂಟು ಎಂದರೆ ದೊಡ್ಡ ಮಾತಾಯಿತು. ನಡೆಯುವಾಗ ಒಂದು ಹೆಜ್ಜೆ ನೆಲಕ್ಕೆ ಒತ್ತಿ ಬೀಳುತ್ತಿತ್ತು, ಇನ್ನೊಂದು ಸ್ವಲ್ಪ ಎಳೆದುಕೊಂಡು ಬರುತ್ತಿತ್ತು. ಅದನ್ನು ಮುಚ್ಚಿಡದೆ ಮೊದಲೇ ಹೇಳಿದ್ದೆವು. ಹುಡುಗಿ ನೋಡಲು ಬಂದ ದಿನ ನಮ್ಮ ಕ್ವಾರ್ಟರ್ಸಿನಲ್ಲಿ ಕೇಸರಿಭಾತು ತಿಂದು ಕೈ ತೊಳೆದ ಭಾವ, ಎಲ್ಲರೂ ಹಾಗೇ ಗಣೇಶನ ಗುಡಿಗೆ ನಡೆದು ಹೋಗಿ ಬರೋಣ ಎಂದರು. ಸರಿ, ಎಲ್ಲರೂ ಎದ್ದರು. ಬಾಗಿಲಲ್ಲಿ ನಿಂತು ಅವರು, "ಹುಡುಗಿ ಮುಂದೆ ನಡೀಲಿ" ಎಂದರು. ಅಪ್ಪನ ಮುಖ ಕಪ್ಪಿಟ್ಟಿತು. ಅಮ್ಮ ಕುಂಕುಮದ ಬಟ್ಟಲು ಹುಡುಕುವ ನೆಪದಲ್ಲಿ ಒಳಗೆ ಹೋದಳು. ಹುಡುಗ ಕಾಲು ಪರೀಕ್ಷೆ ಮಾಡುತ್ತಿದ್ದಾನೆ ಎಂದೇ ನಾವೆಲ್ಲ ತಿಳಿದೆವು. ಅಕ್ಕ ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು ಮುಂದೆ ನಡೆದಳು. ಭಾವ ಎಲ್ಲರಿಗಿಂತ ಹಿಂದೆ, ಕೈಕಟ್ಟಿಕೊಂಡು ಬಂದರು. ಗುಡಿಯಿಂದ ವಾಪಸ್ ಬಂದು ನೀರು ಕುಡಿದು, "ನನಗೆ ಒಪ್ಪಿಗೆ" ಎಂದರು.

ಆಮೇಲೆ ಗೊತ್ತಾಯಿತು ವಿಷಯ. "ಮಾವ, ನಿಧಾನ ನಡೆಯೋರು ಮುಂದಿರಬೇಕು. ಗಟ್ಟಿ ಇರೋನು ಕೊನೇಲಿರಬೇಕು. ಆಗ ಯಾರೂ ಹಿಂದೆ ಉಳಿಯಲ್ಲ. ಬೆಟ್ಟದ ಲೆಕ್ಕ ಇದು" ಎಂದು ಭಾವ ವಿವರಿಸಿದಾಗ ಅಪ್ಪನಿಗೆ ಹೋದ ಜೀವ ಬಂದ ಹಾಗಾಯಿತು. ಕ್ವಾರ್ಟರ್ಸಿನ ಮನೆಮನೆಗೂ ಹೋಗಿ, "ನಮ್ಮ ಅಳಿಯ ನಮ್ಮ ಹುಡುಗೀನ ಮುಂದೆ ಬಿಟ್ಕೊಂಡು ನಡೆಸ್ತಾನೆ ಕಣ್ರೀ" ಎಂದು ಹೇಳಿಕೊಂಡು ಬಂದರು. ಅಂದಿನಿಂದ ಅದು ನಮ್ಮ ಮನೆತನದ ಕಥೆಯಾಯಿತು. ಮದುವೆ, ಮುಂಜಿ, ನಾಮಕರಣ, ಯಾವುದಿದ್ದರೂ ಯಾರಾದರೊಬ್ಬರು ಹೇಳುತ್ತಿದ್ದರು, ಎಲ್ಲರೂ ನಗುತ್ತಿದ್ದರು. ಅಕ್ಕನೂ ನಗುತ್ತಿದ್ದಳು. ಕಥೆಗೆ ತನ್ನದೊಂದು ಮಾತು ಸೇರಿಸಿದ್ದನ್ನು ಮಾತ್ರ ನಾನು ಕೇಳಿರಲಿಲ್ಲ.

ಮದುವೆಯಾದ ಮೇಲೆ ಬೆಟ್ಟದ ಲೆಕ್ಕ ಮನೆಯ ಲೆಕ್ಕವಾಯಿತು. ನಾವು ಎಲ್ಲಿಗೆ ಹೊರಟರೂ ಸಾಲಾಗಿ ಹೊರಡಬೇಕು. ಮುಂದೆ ಅಕ್ಕ ಅಥವಾ ನಮ್ಮಜ್ಜಿ, ಆಮೇಲೆ ನಾವು, ಕೊನೆಗೆ ಭಾವ. ಇನ್ನೊಂದು ಕಟ್ಟುನಿಟ್ಟು ಇತ್ತು. ನಡೆಯುವಾಗ ಯಾರೂ ತಿರುಗಿ ನೋಡಬಾರದು. ಕಡಿದಾದ ದಾರಿಯಲ್ಲಿ ತಿರುಗಿ ನೋಡಿದವನ ಕಾಲು ತಪ್ಪುತ್ತದಂತೆ. "ಹಿಂದೆ ನಾನಿದ್ದೀನಿ. ನೀವು ಕಾಲ ಕೆಳಗೆ ನೋಡ್ಕೊಂಡು ನಡೀರಿ ಸಾಕು" ಎನ್ನುತ್ತಿದ್ದರು. ನಾವು ನಡೆಯುತ್ತಿದ್ದದ್ದು ಪೀಣ್ಯದ ಎರಡನೇ ಹಂತದಲ್ಲಿ, ಅಲ್ಲಿ ಬಿದ್ದರೆ ಮೋರಿಗೆ ಬೀಳಬಹುದೇ ಹೊರತು ಪ್ರಪಾತವೇನೂ ಇರಲಿಲ್ಲ. ಆದರೂ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಇದರಿಂದ ಆದ ಅವಾಂತರಗಳು ಒಂದೆರಡಲ್ಲ. ತುಮಕೂರಿನಲ್ಲಿ ಒಂದು ಮದುವೆಗೆ ಬಸ್‌ ಸ್ಟ್ಯಾಂಡಿನಿಂದ ಅಜ್ಜಿಯನ್ನು ಮುಂದಿಟ್ಟುಕೊಂಡು ನಡೆದು ಹೊರಟೆವು. ಅಜ್ಜಿ ದಾರಿಯಲ್ಲಿ ಸಿಕ್ಕ ಅರಳಿಮರಕ್ಕೆಲ್ಲ ಕೈಮುಗಿದು, ಹೂವಿನವಳ ಹತ್ತಿರ ಚೌಕಾಸಿ ಮಾಡಿ, ಛತ್ರ ಮುಟ್ಟುವ ಹೊತ್ತಿಗೆ ಧಾರೆ ಮುಗಿದು ಓಲಗದವರು ತಮ್ಮ ವಾದ್ಯಗಳಿಗೆ ಗವಸು ಹಾಕುತ್ತಿದ್ದರು. ಇನ್ನೊಂದು ಸಲ ನಾಲ್ಕಾರು ಬೈಕುಗಳಲ್ಲಿ ನೆಲಮಂಗಲದ ಕಡೆ ಹೊರಟಾಗ ನನ್ನ ಮೊಪೆಡ್ಡು ಎಲ್ಲಕ್ಕಿಂತ ನಿಧಾನವೆಂದು ಅದಕ್ಕೇ ಮುಂಚೂಣಿ ಸಿಕ್ಕಿತು. ತುಮಕೂರು ರಸ್ತೆಯಲ್ಲಿ ನನ್ನ ಮೊಪೆಡ್ಡಿನ ಹಿಂದೆ ಬುಲೆಟ್ಟುಗಳು ಗುಡುಗುಟ್ಟುತ್ತ ಎಮ್ಮೆಯ ವೇಗದಲ್ಲಿ ಬರುವುದನ್ನು ನೋಡಿ ಟ್ರಾಫಿಕ್ ಪೊಲೀಸಿನವನು ಕೈ ಅಡ್ಡ ಹಾಕಿ, "ಯಾವ ಪಾರ್ಟಿದು ಸಾರ್ ರ‍್ಯಾಲಿ? ಪರ್ಮಿಷನ್ ಇದೆಯಾ?" ಎಂದು ಕೇಳಿದ. ಭಾವ ಕೊನೆಯ ಬೈಕಿನಿಂದ ಇಳಿದು ಬಂದು ಅವನಿಗೂ ಬೆಟ್ಟದ ಲೆಕ್ಕ ವಿವರಿಸಿದರು. ಪಾಪ, ಅವನು ಬೇಗ ಬಿಟ್ಟುಬಿಟ್ಟ.

ಊರು, ನೆಲ, ಮನುಷ್ಯನನ್ನು ತಿದ್ದುತ್ತದೆ ಎನ್ನುವುದು ಸುಳ್ಳಲ್ಲ. ನಮ್ಮ ಕಡೆಯವರನ್ನೇ ನೋಡಿ. ಪವರ್ ಪ್ರೆಸ್ಸಿನ ಪಕ್ಕ ಇಪ್ಪತ್ತು ವರ್ಷ ನಿಂತವನು ಮನೆಯಲ್ಲಿ ಉಪ್ಪು ಕೇಳಿದರೂ ಬೀದಿಗೆ ಕೇಳಿಸುತ್ತದೆ. ನಮ್ಮ ಪಕ್ಕದ ಮನೆಯ ಒಬ್ಬರು ನಿವೃತ್ತರಾಗಿ ಹಳ್ಳಿಗೆ ಹೋದವರು, ಅಲ್ಲಿ ಸದ್ದಿಲ್ಲದೆ ನಿದ್ದೆ ಬರುವುದಿಲ್ಲವೆಂದು ತಿಂಗಳೊಳಗೆ ವಾಪಸ್ ಬಂದರು. ಈಗ ಅವರ ಮನೆಯ ಹಿಂದೆ ಗ್ರೈಂಡಿಂಗ್ ಶೆಡ್ಡಿದೆ, ಚೆನ್ನಾಗಿ ಮಲಗುತ್ತಾರೆ. ನಾನು ಪೀಣ್ಯದ ಒಂದು ಸಣ್ಣ ಸ್ಪ್ರಿಂಗ್ ಕಾರ್ಖಾನೆಯಲ್ಲಿ ಸಾಮಾನು ಖರೀದಿಯ ಕೆಲಸ ನೋಡುವವನು. ಹೊಸ ಷರಟಿಗೂ ಕಟಿಂಗ್ ಆಯಿಲ್ಲಿನ ವಾಸನೆ ಬರುತ್ತದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನನಗೆ ಬರುವುದಿಲ್ಲ. ಹುಟ್ಟಿದ ನೆಲ ಹೀಗೆ ನಮಗೆ ಗೊತ್ತಿಲ್ಲದೆ ಒಳಗೆ ಇಳಿದಿರುತ್ತದೆ. ದೂರದ ನೆಲ ಹಾಗಲ್ಲ. ಅದನ್ನು ನಾವು ಗೊತ್ತಿದ್ದೂ ಗೊತ್ತಿದ್ದೂ ಹೊತ್ತುಕೊಂಡು ಬರುತ್ತೇವೆ, ಎಷ್ಟು ಹಿಡಿಯುತ್ತದೋ ಅಷ್ಟು. ಬಾಕಿ ಅಲ್ಲೇ ಉಳಿಯುತ್ತದೆ, ಏನು ಬಿಟ್ಟು ಬಂದೆವೆಂದು ನಮಗೆ ತಿಳಿಯುವುದೂ ಇಲ್ಲ. ಈ ಮಾತನ್ನು ನಾನು ಯೋಚಿಸಿ ಕಂಡುಕೊಂಡದ್ದಲ್ಲ, ಅಕ್ಕ ಕಲಿಸಿದ್ದು. ಅದಕ್ಕೆ ಆಮೇಲೆ ಬರುತ್ತೇನೆ.

ನಾನೂ ಒಂದು ಸಲ ಆ ಕಣಿವೆಗೆ ಹೋದೆ. ಭಾವ ಬಿಡಲಿಲ್ಲ. ಅಲ್ಲಿ ನಾನು ಮಾಡಿದ ಸಾಹಸ ಎಂದರೆ ಉಸಿರಾಡಿದ್ದು. ಬೂಟಿನ ದಾರ ಕಟ್ಟಲು ಬಗ್ಗಿದರೂ ಏದುಸಿರು ಬರುತ್ತಿತ್ತು. ಸುತ್ತ ಎಲ್ಲಿ ನೋಡಿದರೂ ಕಲ್ಲು, ಕಂದು ಬಣ್ಣದ ಗುಡ್ಡ, ಅದರಾಚೆ ಇನ್ನೊಂದು ಗುಡ್ಡ. ಬೆಳಿಗ್ಗೆ ಇಲ್ಲೇ ಹತ್ತಿರದಲ್ಲಿದೆ ಎನ್ನಿಸಿದ ಬಂಡೆ ಮಧ್ಯಾಹ್ನವಾದರೂ ಅಷ್ಟೇ ದೂರದಲ್ಲಿರುತ್ತಿತ್ತು. ಅಲ್ಲಿ ಮಾತು ತಾನಾಗಿಯೇ ಕಡಿಮೆಯಾಗುತ್ತದೆ. ಮೊದಲ ದಿನ ಆಫೀಸಿನ ಮೇಲೆ ದೂರು ಹೇಳುತ್ತಿದ್ದವರು ಮೂರನೆಯ ದಿನಕ್ಕೆ ನೀರು, ಬಿಸಿಲು, ಕಾಲು ಎಂದಷ್ಟೇ ಮಾತಾಡುತ್ತಿದ್ದರು. ನಾನು ಯಾವಾಗಲೂ ನಡುವಿನವನು. ಶಾಲೆಯಲ್ಲಿ ನಡುವಿನ ಬೆಂಚು, ಪರೀಕ್ಷೆಯಲ್ಲಿ ನಡುವಿನ ಅಂಕ, ಅಲ್ಲೂ ಸಾಲಿನ ನಡುವೆ. ನಡುವಿನವನಿಗೆ ಹಿಮಾಲಯ ಎಂದರೆ ಮುಂದಿನವನ ಬೆನ್ನಚೀಲ. ಎಲ್ಲರಿಗಿಂತ ಮುಂದೆ ಇದ್ದವನು ಕ್ಯಾಂಟೀನಿನ ಪುಟ್ಟಸ್ವಾಮಿ, ಆನೆಗಾತ್ರದ ಮನುಷ್ಯ. ದಾರಿಯುದ್ದಕ್ಕೂ ಏನಾದರೊಂದು ತಮಾಷೆ ಮಾಡಿ ನಗಿಸುತ್ತಿದ್ದ. ಮುಂದೆ ನಡೆಯುವುದು ಅವನಿಗೆ ಖುಷಿ ಎಂದೇ ನಾನು ತಿಳಿದಿದ್ದೆ.

ಭಾವನಿಗೆ ಈ ಪಾಠ ಹೇಳಿಕೊಟ್ಟವನು ಅಲ್ಲಿಯ ದೋರ್ಜೆ. ನಮ್ಮ ಸಾಮಾನು ಹೊತ್ತ ಕುದುರೆಗಳ ಯಜಮಾನ. ಪಾಠ ಹೇಳಿಕೊಟ್ಟ ಎನ್ನುವುದೂ ತಪ್ಪು. ಮೊದಲ ವರ್ಷ ಭಾವ ಹೋದಾಗ ಅವನು ಒಂದು ಕುಂಟು ಕುದುರೆಯನ್ನು ಮುಂದೆ ಬಿಟ್ಟುಕೊಂಡು, ಉಳಿದವನ್ನು ಅದರ ಹಿಂದೆ ಹೊಡೆದುಕೊಂಡು ಬರುತ್ತಿದ್ದುದನ್ನು ನೋಡಿ ಕೇಳಿದರಂತೆ, ಯಾಕೆ ಹೀಗೆ ಎಂದು. "ಹಿಂದೆ ಬಿಟ್ಟರೆ ಅದು ಉಳಿದುಹೋಗುತ್ತೆ, ನಮಗೆ ಗೊತ್ತಾಗಲ್ಲ" ಎಂದನಂತೆ ದೋರ್ಜೆ. ಅಷ್ಟೇ. ಅವನಿಗೆ ಅದು ಅನ್ನ ಉಣ್ಣುವಷ್ಟು ಸಹಜ. ನಮ್ಮ ಭಾವನಿಗೆ ಅದು ತತ್ವವಾಯಿತು. ಅಲ್ಲಿಯೇ ಇರುವವರಿಗೂ ಅಲ್ಲಿಗೆ ಹೋಗಿಬರುವವರಿಗೂ ಇರುವ ವ್ಯತ್ಯಾಸ ಇದೇ ಇರಬೇಕು.

ದೋರ್ಜೆ ಒಂದು ಚಳಿಗಾಲದಲ್ಲಿ ತನ್ನ ಊರವರ ಜೊತೆ ಬೈಲಕುಪ್ಪೆಗೆ ಯಾತ್ರೆ ಬಂದವನು ಭಾವನ ಮನೆಯಲ್ಲೂ ಕೆಲವು ದಿನ ಇದ್ದು ಹೋದ. ಬೆಳಿಗ್ಗೆ ಎದ್ದು ತಾರಸಿಗೆ ಹೋಗಿ ಸುತ್ತ ನೋಡುತ್ತಿದ್ದ. "ಇಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತೆ?" ಎಂದು ಹರಕು ಹಿಂದಿಯಲ್ಲಿ ಕೇಳಿದ. ನಾನೂ ಭಾವನೂ ಮುಖ ಮುಖ ನೋಡಿಕೊಂಡೆವು. ಹುಟ್ಟಿ ಬೆಳೆದ ಊರಿನಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತದೆಂದು ನಾವು ಯೋಚಿಸಿಯೇ ಇರಲಿಲ್ಲ. ಅವನು ಕೇಳಿದ್ದೇನೆಂದು ಭಾವ ಹೇಳಿದಾಗ ಅಕ್ಕ ಮಾತ್ರ, "ಬಟ್ಟೆ ಒಣಹಾಕೋಳು ನಾನು, ನನ್ನ ಕೇಳಿ" ಎಂದು ಪಶ್ಚಿಮಕ್ಕೆ ಕೈ ತೋರಿಸಿದಳು. ಅವಳ ಭಾಷೆ ದೋರ್ಜೆಗೆ, ಅವನದು ಅವಳಿಗೆ ಬರದಿದ್ದರೂ ಆ ಕೆಲವು ದಿನ ಅವರಿಬ್ಬರೂ ಚೆನ್ನಾಗಿದ್ದರು. ತರಕಾರಿಗೆ ಅವನನ್ನೇ ಜೊತೆಗೆ ಕರೆದುಕೊಂಡು ಹೋಗುತ್ತಿದ್ದಳು.

ಇಷ್ಟೆಲ್ಲ ಹಳೆಯ ಮಾತು. ಹೋದ ವರ್ಷ ಭಾವನಿಗೆ ಸ್ಟ್ರೋಕ್ ಆಯಿತು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರ ಕೈಯಿಂದ ಬ್ರಷ್ಷು ಜಾರಿ ಬಿತ್ತು, ಬಗ್ಗಿ ಎತ್ತಿಕೊಳ್ಳಲು ಹೋದವರು ಏಳಲಿಲ್ಲ. ಜೀವಕ್ಕೇನೂ ಆಗಲಿಲ್ಲ. ಬಲಗಡೆ ಬಿದ್ದುಹೋಯಿತು, ಮಾತು ತೊದಲಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಫಿಸಿಯೋಥೆರಪಿಯ ಹುಡುಗಿಯೊಬ್ಬಳು ದಿನವೂ ಮನೆಗೆ ಬಂದು ಕೈಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದಳು. ಕೆಲವು ತಿಂಗಳಲ್ಲಿ ಕೋಲು ಹಿಡಿದು ಹಜಾರದಿಂದ ಅಡುಗೆಮನೆಯವರೆಗೆ ನಡೆಯುವಂತಾದರು. ಆ ಹುಡುಗಿ, "ಅಂಕಲ್, ನೆಲದ ಟೈಲ್ಸ್ ಮೇಲೆ ನಡೆದಿದ್ದು ಸಾಲಲ್ಲ. ಹೊರಗಡೆ ಹಳ್ಳದಿಣ್ಣೆ ಮೇಲೆ ನಡೆದ್ರೇನೇ ಕಾಲಿಗೆ ಬುದ್ಧಿ ಬರೋದು" ಎಂದಳು. ಅಕ್ಕನನ್ನು ಗೇಟಿನ ಹತ್ತಿರ ಕರೆದು ಇನ್ನೊಂದು ಮಾತು ಹೇಳಿದಳು. "ಆಂಟಿ, ಬರೋದೇನಿದ್ರೂ ಈ ಕೆಲವು ತಿಂಗಳಲ್ಲಿ ಬರ್ಬೇಕು. ಹೀಗೇ ಕೂತ್ರೆ ಕುರ್ಚೀಲೇ ಉಳಿದುಬಿಡ್ತಾರೆ."

ಅಕ್ಕ ಆ ದಿನವೇ ನನಗೆ ಫೋನ್ ಮಾಡಿದಳು. ಮಾರನೆಯ ಬೆಳಿಗ್ಗೆ ನಾನು ಹೋದೆ. ಬೀದಿಯ ಕೊನೆಯ ಬೇಕರಿಯವರೆಗೆ ಹೋಗಿಬರುವುದೆಂದು ತೀರ್ಮಾನವಾಯಿತು. ಅಲ್ಲಿಯ ಕಲ್ಲುಬೆಂಚಿನ ಮೇಲೆ ಬೆಳಗಿನ ಹೊತ್ತು ಭಾವನ ಹಳೆಯ ಕ್ಲಬ್ಬಿನ ಗೆಳೆಯರು ಕೂತು ಟೀ ಕುಡಿಯುತ್ತಾರೆ. ಭಾವ ಬಿಳಿ ಷರಟು ಹಾಕಿಕೊಂಡು, ಕೋಲು ಊರಿಕೊಂಡು ಗೇಟಿನವರೆಗೆ ಬಂದರು. ಅಲ್ಲಿ ನಿಂತು ಎಡಗೈಯಿಂದ ಅಕ್ಕನಿಗೆ ಮುಂದೆ ಹೋಗು ಎಂದು ಸನ್ನೆ ಮಾಡಿದರು. ಆಮೇಲೆ ನನಗೆ. ಕೊನೆಗೆ ತಾವು.

ನಿಮಗೆ ವಿಚಿತ್ರವೆನ್ನಿಸಬಹುದು, ನಮಗಿಬ್ಬರಿಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಮೂವತ್ತು ವರ್ಷದ ತಾಲೀಮು. ಅಕ್ಕ ತನ್ನ ಎಂದಿನ ನಡಿಗೆಯಲ್ಲಿ ಹೊರಟಳು, ನಾನು ಅವಳ ಹಿಂದೆ. ತಿರುಗಿ ನೋಡುವ ಅಭ್ಯಾಸ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಬೀದಿಯಲ್ಲಿ ಕಬ್ಬಿಣದ ಸರಳು ತುಂಬಿದ ಟೆಂಪೋ ಒಂದು ಗಡಗಡ ಎಂದು ಹೋಯಿತು. ಎರಡೂ ಪಕ್ಕದ ಶೆಡ್ಡುಗಳಲ್ಲಿ ಮೆಷಿನ್ನು ಶುರುವಾಗಿತ್ತು, ಹೆಜ್ಜೆಯ ಸದ್ದು ಕೇಳುವಂತಿರಲಿಲ್ಲ. ಬೇಕರಿ ಬಂತು. ಅಕ್ಕ ನಿಂತು, ಗಾಜಿನ ಪೆಟ್ಟಿಗೆಯೊಳಗೆ ನೋಡುತ್ತಲೇ, "ಬಂದ್ವಿ ಕಣ್ರೀ. ಬಿಸಿ ಪಫ್ ಇದೆ, ತಗೊಳ್ಳಾ?" ಎಂದಳು. ಉತ್ತರ ಬರಲಿಲ್ಲ. ತಿರುಗಿ ನೋಡಿದೆವು. ಬೀದಿ ಉದ್ದಕ್ಕೂ ಖಾಲಿ ಬಿದ್ದಿತ್ತು.

ಅಕ್ಕ ಓಡಿದಳು. ಅವಳು ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಭಾವ ಮನೆಯಲ್ಲೇ ಇದ್ದರು. ಕುರ್ಚಿಯ ಮೇಲೆ, ಚಪ್ಪಲಿ ಕೂಡ ಬಿಚ್ಚದೆ ಕೂತಿದ್ದರು. ಅವರು ನಾಲ್ಕು ಮನೆ ದಾಟುವಷ್ಟರಲ್ಲಿ ನಾವು ತುಂಬ ದೂರ ಹೋಗಿಬಿಟ್ಟಿದ್ದೆವು. ಕೂಗೋಣವೆಂದರೆ ಮಾತು ಏಳಲಿಲ್ಲ. ಇದನ್ನೆಲ್ಲ ನಾವೇ ಊಹಿಸಿಕೊಂಡದ್ದು. ಅವರು ಹೇಳಿದ್ದು ಒಂದೇ ಮಾತು. "ಹೋಗ್ಬಿಟ್ರಿ."

ಅಂದಿನಿಂದ ಅವರು ಗೇಟು ದಾಟಲಿಲ್ಲ. ನಾನು ಪುಸಲಾಯಿಸಿದೆ, ಬೈದೆ, ಗಾಲಿಕುರ್ಚಿ ತರುತ್ತೇನೆಂದು ಹೆದರಿಸಿದೆ. ಕ್ಲಬ್ಬಿನ ಗೆಳೆಯರು ಬಂದರೆ ಕಣ್ಣು ಮುಚ್ಚಿ ನಿದ್ದೆ ಹೋದವರಂತೆ ಕೂತರು. "ಮುಂದೆ ನೀವು ನಡೀರಿ ಭಾವ, ನಾವು ಹಿಂದೆ ಬರ್ತೀವಿ" ಎಂದು ಒಮ್ಮೆ ಹೇಳಿಬಿಟ್ಟೆ. ಅವರ ಮುಖ ಕೆಂಪಾಯಿತು. ಕೋಲನ್ನು ಗೋಡೆಗೆ ಒರಗಿಸಿ, ಮುಖ ತಿರುಗಿಸಿದರು. ಯಾರನ್ನೋ ಮುಂದೆ ಬಿಟ್ಟುಕೊಂಡು ಕಾಯುತ್ತ ಬಂದವರಿಗೆ ತಾವೇ ಮುಂದೆ ನಿಲ್ಲುವುದೆಂದರೆ ಏನೆಂದು ನನಗೆ ಆಗ ಹೊಳೆಯಿತು. ಹೊಳೆದು ಪ್ರಯೋಜನವಾಗಲಿಲ್ಲ. ವಾರಗಳು ಕಳೆದವು, ಕಾಲು ಬಿಗಿಯುತ್ತ ಬಂತು. ಫಿಸಿಯೋಥೆರಪಿಯ ಹುಡುಗಿ ಈಗ ಏನೂ ಹೇಳುತ್ತಿರಲಿಲ್ಲ. ಅದರಿಂದಲೇ ನಮಗೆ ಹೆಚ್ಚು ಭಯವಾಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ನಾನು ಇಡ್ಲಿ ಕಟ್ಟಿಸಿಕೊಂಡು ಹೋದಾಗ ಅಕ್ಕ ಬಾಗಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಭಾವ ಒಳಗೆ ಕುರ್ಚಿಯಲ್ಲಿ. ನಾನು ಮತ್ತೆ ಹಳೆಯ ರಾಗ ತೆಗೆದೆ. ಒಂದು ಸಲ ಗೇಟಿನವರೆಗಾದರೂ ಬನ್ನಿ ಎಂದೆ. ಅಕ್ಕ ಕೈಯಲ್ಲಿದ್ದ ಕಾಯಿ ಬುಟ್ಟಿಗೆ ಹಾಕಿ, "ನೀನು ಸುಮ್ನಿರು ಗೋಪಿ" ಎಂದಳು. ಆಮೇಲೆ, ಒಳಗೆ ತಿರುಗದೆ, ಬೀದಿಯ ಕಡೆ ನೋಡುತ್ತಲೇ ಮಾತಾಡಿದಳು. ದನಿ ಏರಿಸಲಿಲ್ಲ.

"ರೀ, ನನ್ನ ನೋಡೋಕೆ ಬಂದಾಗ ಗುಡಿಗೆ ನಡೆಸಿದ್ರಲ್ಲ. ಹಿಂದೆ ಅಷ್ಟೂ ಜನ. ಎಲ್ಲರ ಕಣ್ಣೂ ನನ್ನ ಕಾಲ ಮೇಲೆ. ಗುಡಿ ಬರೋ ಅಷ್ಟರಲ್ಲಿ ಸತ್ತೋಗ್ತೀನಿ ಅನ್ನಿಸಿತ್ತು. ಆಮೇಲೆ ನೀವು ಬೆಟ್ಟದ ವಿಷಯ ಹೇಳಿದ್ರಿ, ಅಪ್ಪ ಊರೆಲ್ಲ ಹೊಗಳಿಕೊಂಡು ಬಂದ್ರು. ನಾನೂ ನಕ್ಕೆ. ಮದುವೆ ಆದ್ಮೇಲೂ ಎಲ್ಲಿಗೋದ್ರೂ ನಾನೇ ಮುಂದೆ. ಮುಂದಿರೋದು ಮರ್ಯಾದೆ ಅಂತ ಎಲ್ಲರೂ ಹೇಳೋರು. ನಾನು ನಿಧಾನ ಅಂತ ಬೀದಿಗೆಲ್ಲ ತೋರಿಸ್ದಂಗೆ ಅಂತ ನನಗೆ ಮಾತ್ರ ಗೊತ್ತಿತ್ತು."

ಅಕ್ಕ ಇನ್ನೊಂದು ಕಾಯಿ ತೆಗೆದುಕೊಂಡು ಸುಲಿಯದೆ ಕೈಯಲ್ಲೇ ಹಿಡಿದಿದ್ದಳು.

"ನೋಡೋರ ಕಣ್ಣಿಗೆ ಕೊನೆಗೆ ಒಗ್ಗಿಕೊಂಡೆ. ಒಗ್ಗದೇ ಇದ್ದದ್ದು ಇನ್ನೊಂದಿದೆ. ತಿರುಗಿ ನೋಡ್ಬಾರ್ದು ಅಂತೀರಿ. ನೀವೋ ಹಿಂದೆ ಬಾಯಿ ಬಿಡಲ್ಲ. ಹಿಂದೆ ಜನ ಇದ್ದಾರೋ ಇಲ್ವೋ ಹೇಗ್ರೀ ಗೊತ್ತಾಗ್ಬೇಕು? ಆ ದೋರ್ಜೆ ಬಂದಿದ್ದಾಗ ತರಕಾರಿಗೆ ಅಂತ ಹೋಗ್ತಿದ್ವಲ್ಲ, ಅವನೂ ಹಿಂದೇನೇ ಬರೋನು. ಆದ್ರೆ ದಾರೀಲಿ ಗುನುಗ್ತಾ ಬರೋನು, ಒಂದು ಗಳಿಗೆ ನಿಲ್ಲಿಸ್ತಿರಲಿಲ್ಲ. ಅವನ ಕುದುರೆಗೂ ಹಂಗೇ ಮಾಡ್ತಿದ್ನೋ ಏನೋ. ಹಿಂದೆ ಇದ್ದೀನಿ ಅಂತ ಅದಕ್ಕೆ ಗೊತ್ತಾಗ್ಲಿ ಅಂತ. ನೀವು ಅಲ್ಲಿಂದ ಸಾಲು ನಿಲ್ಲಿಸೋದು ಕಲ್ತು ಬಂದ್ರಿ. ಅದನ್ನ ಕಲೀಲಿಲ್ಲ."

ನನಗೆ ಆ ಕಣಿವೆ ನೆನಪಾಯಿತು. ಹೌದು, ದೋರ್ಜೆ ಇಡೀ ದಿನ ಏನೋ ಗುನುಗುತ್ತಿದ್ದ. ನಾನು ಅದನ್ನು ಪ್ರಾರ್ಥನೆ ಎಂದುಕೊಂಡಿದ್ದೆ, ಭಾವ ಅದನ್ನು ಕೇಳಿಸಿಕೊಂಡೇ ಇರಲಿಲ್ಲವೋ ಏನೋ. ಪುಟ್ಟಸ್ವಾಮಿಯೂ ನೆನಪಾದ. ದಾರಿಯುದ್ದಕ್ಕೂ ತಮಾಷೆ ಮಾಡಿ ಅವನು ನಮ್ಮನ್ನು ನಗಿಸುತ್ತಿದ್ದದ್ದು ಯಾಕೆಂದು ಈಗ ತಿಳಿಯಿತು. ನಾವು ನಕ್ಕರೆ ತಾನೇ ನಾವಿದ್ದೇವೆಂದು ಅವನಿಗೆ ಗೊತ್ತಾಗುವುದು.

ಕುರ್ಚಿಯಿಂದ ತೊದಲು ಮಾತು ಬಂತು. "ಹೇಳ್ಲಿಲ್ಲ... ನೀನು."

"ನೀವು ಕೇಳ್ಲಿಲ್ಲ" ಎಂದಳು ಅಕ್ಕ. "ಹೇಳೋಣ ಅಂದ್ರೆ ಹಿಂದೆ ಇರ್ತಿದ್ರಿ."

ಅವಳು ಎದ್ದು ಒಳಗೆ ಹೋದಳು. ಗೋಡೆಗೆ ಒರಗಿಸಿದ್ದ ಕೋಲು ತಂದು ಅವರ ಎಡಗೈಗೆ ಕೊಟ್ಟು, ಬಗ್ಗಿ ಚಪ್ಪಲಿ ಹಾಕಿದಳು. ಬಲಗಾಲಿನ ಬೆರಳು ಸರಿಯಾಗಿ ಕೂರಲು ಸ್ವಲ್ಪ ಹೊತ್ತು ಹಿಡಿಯಿತು. "ಆವತ್ತು ಬೇಕರಿ ಹತ್ರ ತಿರುಗಿ ನೋಡಿದಾಗ ಹಿಂದೆ ಯಾರೂ ಇರಲಿಲ್ಲ. ಮೂವತ್ತು ವರ್ಷ ಹೆದರಿದ್ದು ಆವತ್ತು ಕಣ್ಣಿಗೇ ಕಾಣಿಸ್ತು. ಇನ್ನೊಂದು ಸಲ ನನ್ನ ಕೈಲಾಗಲ್ಲ ಕಣ್ರೀ. ಏಳಿ. ಈಗ ನಿಮಗಿಂತ ನಾನು ಚುರುಕು" ಎಂದಳು. ಅಳುತ್ತಿದ್ದಳು. ಭಾವನೂ ಅಳುತ್ತಿದ್ದರು, ಅವರ ಮುಖದ ಒಂದೇ ಪಕ್ಕ ಅಳುತ್ತಿತ್ತು. ನಾನು ಇಡ್ಲಿಯ ಪೊಟ್ಟಣ ಹಿಡಿದುಕೊಂಡು ಕ್ಯಾಲೆಂಡರ್ ನೋಡುತ್ತ ನಿಂತೆ.

ಅವರು ಎದ್ದರು. ಗೇಟಿನ ಹತ್ತಿರ ಅಭ್ಯಾಸಬಲದಿಂದ ಎಡಗೈ ಸನ್ನೆಗೆ ಎದ್ದಿತು, ಅರ್ಧಕ್ಕೇ ಇಳಿಯಿತು. ತಾವೇ ಮುಂದೆ ಹೊರಗೆ ಕಾಲಿಟ್ಟರು. ಹಿಂದೆ ಅಕ್ಕ, ಅವಳ ಹಿಂದೆ ನಾನು. ಕೋಲು, ಎಡಗಾಲು, ಎಳೆದುಕೊಂಡು ಬರುವ ಬಲಗಾಲು. ಮತ್ತೆ ಕೋಲು. ನಾನು ಆ ಮನುಷ್ಯನ ಬೆನ್ನು ನೋಡಿದ್ದು ಅದೇ ಮೊದಲ ಸಲ. ಅಷ್ಟು ಅಗಲದ ಬೆನ್ನು ಈಗ ಷರಟಿನೊಳಗೆ ಒಂದು ಕಡೆ ವಾಲಿತ್ತು. ನೀರಿನ ಕ್ಯಾನು ಹೇರಿಕೊಂಡ ಸ್ಕೂಟರಿನವನೊಬ್ಬ ಹಿಂದಿನಿಂದ ಬಂದು ಹಾರ್ನ್ ಹೊಡೆದ. ಅಕ್ಕ ತ್ರಿವಿಕ್ರಮನ ಹಾಗೆ ಬೀದಿಯ ಮಧ್ಯೆ ಕಾಲು ಅಗಲಿಸಿ ನಿಂತು ಕೈ ಅಡ್ಡ ಹಿಡಿದಳು. ಅವನು ಗೊಣಗಿಕೊಂಡು ಗಾಡಿ ಆಫ್ ಮಾಡಿ, ಕಾಲಿನಿಂದ ತಳ್ಳಿಕೊಂಡು ನಮ್ಮ ಹಿಂದೆಯೇ ಬಂದ. ದೂರದಲ್ಲಿ ಬೇಕರಿಯ ಬೆಂಚಿನ ಮೇಲಿದ್ದ ಗೆಳೆಯರು ಒಬ್ಬೊಬ್ಬರಾಗಿ ಎದ್ದು ನಿಂತರು. ಯಾರೂ ಹತ್ತಿರ ಬರಲಿಲ್ಲ, ಯಾರೂ ಕರೆಯಲಿಲ್ಲ.

ನಾಲ್ಕನೆಯ ಮನೆಯ ಗೇಟಿನ ಹತ್ತಿರ ಭಾವ ನಿಂತುಬಿಟ್ಟರು. ಸುಸ್ತಾಯಿತೇನೋ ಎಂದು ನಾನು ಮುಂದೆ ಹೆಜ್ಜೆ ಇಟ್ಟೆ, ಅಕ್ಕ ತಡೆದಳು. ಭಾನುವಾರವಾದರೂ ಪಕ್ಕದ ಶೆಡ್ಡಿನಲ್ಲಿ ಮೆಷಿನ್ನು ಕಿರುಗುಟ್ಟುತ್ತಿತ್ತು. ನಾವು ಉಸಿರು ಬಿಗಿಹಿಡಿದು ನಿಂತಿದ್ದೆವು, ನಮ್ಮಿಂದ ಒಂದು ಸದ್ದೂ ಇರಲಿಲ್ಲ. ತಿರುಗಿ ನೋಡುವ ಹಾಗಿಲ್ಲ, ನಿಯಮ ಅವರದ್ದೇ. ಎದುರಿನ ಖಾಲಿ ಬೀದಿಯನ್ನೇ ನೋಡುತ್ತ, ಒಂದೊಂದೇ ಅಕ್ಷರ ಕೂಡಿಸಿ ಕೇಳಿದರು.

"ಶಾರದಾ... ಇದ್ದೀಯಾ?"

ಮೂವತ್ತು ವರ್ಷದಲ್ಲಿ ಅಕ್ಕ ಒಂದು ಸಲವೂ ಬಾಯಿಬಿಟ್ಟು ಕೇಳದ ಪ್ರಶ್ನೆ ಅದು.

"ಇದ್ದೀನಿ" ಎಂದಳು. "ನಡೀರಿ."